ಅಕ್ಕನಿಗೊಂದು ಗುಣವಾಚಕ

ದರ್ಜಿಯು ಅಂಗಿ ತೊಡಿಸಿ ನೋಡುವ ಹಾಗೆ ನಮ್ಮ ಕೆಳಮಹಡಿಯ ಲ್ಯಾಟಿನ್ ಮೇಷ್ಟ್ರು ವಸ್ತುಗಳಿಗೆ ಪದ ತೊಡಿಸಿ ನೋಡುತ್ತಿದ್ದರು. ಬೆಳಿಗ್ಗೆ ಒಂದು ಗುಣವಾಚಕವನ್ನು ಹಿಡಿದು ಎದ್ದರೆಂದರೆ, ಮೊಣಕೈ ಸವೆದ ಕಂದು ಕೋಟಿನಲ್ಲಿ, ಎಡಗಾಲನ್ನು ತುಸು ಎಳೆಯುತ್ತ, ಕಿಟಕಿ, ಕುರ್ಚಿ, ನೀರಿನ ಲೋಟ, ಗೋಡೆಯ ಮೇಲೆ ಜಾರುವ ಬಿಸಿಲು, ಒಂದೊಂದರ ಮುಂದೆಯೂ ನಿಂತು ಆ ಪದವನ್ನು ಮೆಲ್ಲಗೆ ಉಚ್ಚರಿಸುವರು; ನಾಮಪದದ ಲಿಂಗಕ್ಕೆ ತಕ್ಕಂತೆ ಪದದ ಬಾಲ ಬದಲಾಗುವುದು. ಹೊಂದದಿದ್ದರೆ ತಲೆಯಲ್ಲಾಡಿಸಿ, ಕ್ಷಮೆ ಕೇಳುವವರಂತೆ ಆ ವಸ್ತುವನ್ನೊಮ್ಮೆ ಸವರಿ ಮುಂದೆ ಸರಿಯುವರು.

ಸಮಾಧಿಗಲ್ಲುಗಳಿಗೆ ಲ್ಯಾಟಿನ್ ಸಾಲು ಬರೆದುಕೊಡುವುದು ನಿವೃತ್ತಿಯ ನಂತರದ ಅವರ ಕಸುಬು. ಕಲ್ಲುಕುಟಿಗನು ಗೊಣಗುತ್ತಲೇ ಕಾಯುತ್ತಿದ್ದ. ಸತ್ತವರಿಗೆ ಅವಸರವಿಲ್ಲ ಎಂಬುದು ಮೇಷ್ಟ್ರ ಸಿದ್ಧ ಉತ್ತರ. ಆದರೆ ಅದು ಅವರ ಅಕ್ಕನ ಮುಂದೆ ನಡೆಯಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಗದರಿ ಗದರಿಯೇ ಬೆಳೆಸಿದ ಆಕೆ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು. ಈ ವಾರ ದಾಟುವುದು ಕಷ್ಟವೆಂದು ವೈದ್ಯರು ಹೇಳಿಹೋಗಿದ್ದರು. ಆಕೆಗೆ ಒಂದೇ ಹಟ.

“ನನ್ನ ಕಲ್ಲಿಗೆ ಏನು ಬರೀತೀಯೋ ಈಗಲೇ ಹೇಳು. ಆಮೇಲೆ ಓದೋದಕ್ಕೆ ನಾನೆಲ್ಲಿರ್ತೀನಿ?”

ಯಾವುದಾದರೊಂದು ಹೇಳಿಬಿಡಿ ಎಂದು ನಾನೂ ಅಂದೆ. ಮೇಷ್ಟ್ರು ನನ್ನನ್ನು ನೋಡಿದ ರೀತಿಗೆ, ‘ಯಾವುದಾದರೊಂದು’ ಎನ್ನುವುದು ಎಷ್ಟು ಒರಟು ಮಾತೆಂದು ತಿಳಿಯಿತು.

ಕೋಣೆಯೆಲ್ಲ ಜೇನಿನ ಬಣ್ಣದಲ್ಲಿ ಮುಳುಗಿ ಮಂಚವೇ ತೇಲುವಂತಿದ್ದ ಒಂದು ಸಂಜೆ ಅವರು ಅಕ್ಕನ ಬಳಿ ಬಂದು ನಿಂತು “ಮೀತಿಸ್” ಎಂದರು. ಮರದಲ್ಲೇ ಮಾಗಿ ಒಗರು ಕಳೆದ ಹಣ್ಣಿಗೆ, ದಡ ಮೀರದೆ ಹರಿವ ಹೊಳೆಗೆ, ಮುನಿಸಿಳಿದ ಮನಸ್ಸಿಗೆ ಸಲ್ಲುವ ಪದವಂತೆ ಅದು. ಆ ಭಾಷೆಯಲ್ಲಿ ಹಣ್ಣು, ಹೊಳೆಗಳು ನಪುಂಸಕ, ಅವಕ್ಕೆ ಮೀತೆ. ಗಂಡಿಗೂ ಹೆಣ್ಣಿಗೂ ಭೇದವಿಲ್ಲದೆ ಮೀತಿಸ್.

ಅಕ್ಕ ತಮ್ಮನತ್ತ ಮುಖ ತಿರುಗಿಸಿದರು. “ನಾನು ಮಾಗಿದ್ದು ಯಾವಾಗಲೋ? ನನ್ನ ಬಾಯಿಗೆ ಹೆದರಿ ಮೇಜಿನಡಿ ಕೂರ್ತಿದ್ದವನು ನೀನು.”

“ಅದಕ್ಕೇ ತಡ ಆಯ್ತು, ಅಕ್ಕ. ಒಗರಿದ್ದದ್ದೇ ಅಲ್ವಾ ಮಾಗೋದು? ಬೇರೆ ಯಾವ ಪದ ಹಾಕಿದ್ರೂ ಅರ್ಧ ನೀನು ಹೊರಗೇ ಉಳೀತಿದ್ದೆ.”

ಆಕೆ ಕಣ್ಣು ಮುಚ್ಚಿ ಆ ಪದವನ್ನು ತಾವೂ ಹೇಳಿದರು. ‘ಮೀ’ ಸಾಕಷ್ಟು ದೀರ್ಘವಾಗಲಿಲ್ಲವೆಂದು ತಮ್ಮ ತಿದ್ದಿದರು. “ನನ್ನನ್ನೇ ತಿದ್ದೋಕೆ ಬಂದ,” ಎಂದು ಗೊಣಗಿ, ಮತ್ತೊಮ್ಮೆ ನಿಧಾನವಾಗಿ, ಸರಿಯಾಗಿ ಹೇಳಿದರು. ಮರುದಿನ ಮಧ್ಯಾಹ್ನ ಹೋದರು.

ಮೇಷ್ಟ್ರಂಥವರು ಹೊಗಳಲು ಅರಿಯರು, ಅತ್ತು ಹಗುರಾಗಲೂ ಅರಿಯರು. ತಮ್ಮವರನ್ನು ಇಡಿಯಾಗಿ ಹಿಡಿಸುವಷ್ಟು ಅಗಲದ ಪದವೊಂದು ಸಿಗುವ ತನಕ ತುಟಿ ಬಿಚ್ಚುವುದಿಲ್ಲ. ಆ ಮೌನವನ್ನು ನಾವು ಉದಾಸೀನವೆಂದು ಓದಿಕೊಂಡರೂ ಸುಮ್ಮನೆ ಇರುತ್ತಾರೆ.