ಗಾಳಿಗೆ ಬಡಿದ ಬಾಗಿಲು

“ಮೆಲ್ಲಗಪ್ಪಾ, ಗೋಡೆಗೆ ತಾಗೀತು!”

ಹೇಳಿದ್ದು ಲ್ಯಾಬಿನ ಕೆಮಿಸ್ಟಮ್ಮ. ಹೇಳಿದವಳೇ ತುಟಿ ಕಚ್ಚಿಕೊಂಡಳು. ಇಷ್ಟು ವರ್ಷ ಎಲ್ಲರಿಗೂ ಆ ಮಾತು ಹೇಳುತ್ತ ಬಂದವನು ಈಗ ಮೆಟ್ಟಿಲ ತಿರುವಿನಲ್ಲಿ ನಾಲ್ವರ ಕೈಮೇಲೆ ಹೆಣವಾಗಿ ಮಲಗಿದ್ದ. ಮೆಲ್ಲಪ್ಪ ಎಂಬ ಹೆಸರು ಬಿದ್ದದ್ದೇ ಆ ಮಾತಿನಿಂದ.

ಐದಾರು ಲ್ಯಾಬುಗಳಿಗೆ ಸೇರಿ ಇದ್ದ ಒಂದೇ ಯಂತ್ರದ ಉಸ್ತುವಾರಿ ಅವನದು. ಔಷಧದ ಅಣು ಪ್ರೋಟೀನಿಗೆ ಅಂಟಿಕೊಳ್ಳುವಾಗ ಹುಟ್ಟುವ ಚೂರೇ ಚೂರು ಬಿಸಿಯನ್ನು ಅದು ಅಳೆಯುತ್ತಿತ್ತು. ಪಕ್ಕದಲ್ಲಿ ಬಾಗಿಲು ಬಡಿದರೆ ಸಾಕು, ಪರದೆಯ ಮೇಲಿನ ಗೆರೆ ಹಾರಿ ಕೆಲಸವೆಲ್ಲ ಮಣ್ಣುಪಾಲು. ಒಮ್ಮೆ ಹಾಗೆ ಬಡಿದ ಡೈರೆಕ್ಟರಿಗೇ ಅವನು ವಾರಗಟ್ಟಲೆ ಯಂತ್ರ ಮುಟ್ಟಗೊಡಲಿಲ್ಲ.

ಕೆಳಗೆ, ವ್ಯಾನಿನಿಂದ ದೂರ, ಅವನ ಮಗಳು ನಿಂತಿದ್ದಳು.

“ಅಲ್ಲ್ಯಾಕೆ ನಿಂತಿದ್ದೀಯೇ? ಬಾ, ಮುಖ ನೋಡು,” ಎಂದಳು ಸೋದರತ್ತೆ.

“ಅಪ್ಪ ನನ್ನ ಮೇಲಿನ ಸಿಟ್ಟಲ್ಲೇ ಹೋದ್ರು ಅತ್ತೆ. ಹ್ಯಾಗೆ ನೋಡ್ಲಿ?”

*

ಎರಡು ವರ್ಷದ ಹಿಂದೆ, ಓದು ಬಿಟ್ಟು ಬೇಕರಿ ಇಡುತ್ತೇನೆಂದು ಹೇಳಲು ಅವಳು ಯಂತ್ರದ ಕೋಣೆಗೇ ಬಂದಿದ್ದಳು.

“ಮೆಲ್ಲಗೆ ಮಾತಾಡಮ್ಮ, ಯಂತ್ರದ ರನ್ ನಡೀತಿದೆ.”

“ನನ್ನ ಬಾಳು ನಡೀತಿರೋದು ಕಾಣ್ಸಲ್ವಾ ನಿಮಗೆ?”

ಊಟದ ಹೊತ್ತು, ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ಬಡಿದು ಹೋದವಳು ಆಮೇಲೆ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ.

*

“ರನ್ ನಡೀವಾಗ್ಲೇ ಬಾಗಿಲು ಬಡಿದು ಹೋದೆ,” ಎಂದು ಮಗಳು ಅತ್ತೆಗೆ ಹೇಳುತ್ತಿದ್ದುದು ಕೆಮಿಸ್ಟಮ್ಮನ ಕಿವಿಗೆ ಬಿತ್ತು.

“ಅಯ್ಯೋ, ಅದು ನೀನಾ? ಒಳಗಿದ್ದದ್ದು ನನ್ನ ಸ್ಯಾಂಪಲ್ ಕಣೇ! ತಿಂಗಳುಗಟ್ಟಲೆ ಒದ್ದಾಡಿ ಮಾಡಿದ್ದು. ಯಾರು ಬಡಿದಿದ್ದು ಅಂತ ಕೂಗಾಡಿದೆ. ‘ಗಾಳಿಗೆ ಬಡೀತಮ್ಮ’ ಅಂದ್ಬಿಟ್ರು. ಡೈರೆಕ್ಟರನ್ನೇ ಬಿಡದ ಮನುಷ್ಯ!”

“ಗಾಳಿಗಾ?”

“ಹೂಂ. ನಾನೂ ನಂಬಿದೆ. ಆ ಕೋಣೆಗೆ ಕಿಟಕಿನೇ ಇಲ್ಲ ಅಂತ ಈಗ ಹೊಳೀತಿದೆ ನೋಡು.”

ಮಗಳು ಹೋಗಿ ಅಪ್ಪನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

ವ್ಯಾನಿನ ಬಾಗಿಲನ್ನು ಡೈರೆಕ್ಟರ್ ರೂಢಿಯಂತೆ ಅಂಗೈಯಿಂದ ಮೆತ್ತಗೆ ಒತ್ತಿದರು. ಅದು ಮುಚ್ಚಿಕೊಳ್ಳಲಿಲ್ಲ. ಮತ್ತೊಬ್ಬರು ಇನ್ನೂ ಮೆತ್ತಗೆ ಒತ್ತಿದರು.

“ಏನ್ ಸಾರ್, ಮಗು ತಟ್ಟಿ ಮಲಗಿಸ್ತಿದ್ದೀರಾ?” ಎಂದ ಡ್ರೈವರ್. “ಹಳೇ ಗಾಡಿ, ಜೋರಾಗಿ ಬಡೀರಿ.”

ಯಾರಿಗೂ ಕೈ ಬರಲಿಲ್ಲ. ಕೊನೆಗೆ ಮಗಳೇ ಮುಂದೆ ಬಂದು, ಬಾಗಿಲನ್ನು ಪೂರ್ತಿ ಹಿಂದಕ್ಕೆಳೆದು ಬಡಿದಳು.

ಲ್ಯಾಬಿನವರೆಲ್ಲ ಒಮ್ಮೆಗೇ ತಲೆ ತಗ್ಗಿಸಿ, ಬೈಸಿಕೊಳ್ಳುವವರಂತೆ ನಿಂತರು.