ಹಳೆಯ ರೇಸು ಕಾರಿನ ಮಧ್ಯಾಹ್ನಗಳು

ನಮ್ಮದು ಕಟಿಂಗ್ ಶಾಪು. ಮುಂದೆ ಅಂಗಡಿ, ಹಿಂದೆ ಮನೆ. ಎರಡು ತಿಂಗಳಿಂದ ಅಂಗಡಿಯ ಷಟರ್ ಎದ್ದಿರಲಿಲ್ಲ. ಯಾವಾಗ ತೆಗೆಯುತ್ತೀರಿ ಎಂದು ಕೇಳಿದರೆ ನಮ್ಮವರು, "ಕತ್ತು ನೋವು ಕಣೇ, ಕಡಿಮೆ ಆಗ್ಲಿ," ಎನ್ನುತ್ತಿದ್ದರು. ಕತ್ತು ನೋವಿರುವವರು ಮಧ್ಯಾಹ್ನವಿಡೀ ಹಿಂದಿನ ಕೋಣೆಯಲ್ಲಿ ಕೂತು ಕಾರ್ ರೇಸು ಓಡಿಸುತ್ತಾರೆಯೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಆಟದ ಸಾಮಾನು ನನ್ನ ತಮ್ಮನದು. ಮನೆ ಬದಲಿಸಿದಾಗ ಹೊಸ ಮನೆಯಲ್ಲಿ ಜಾಗ ಸಾಲದೆ ನಮ್ಮಲ್ಲಿ ತಂದಿಟ್ಟಿದ್ದ: ಗುಜರಿ ಕಾರಿನ ಸೀಟು, ಹಲಗೆಗೆ ಬಿಗಿದ ಸ್ಟಿಯರಿಂಗ್, ಕಾಲಿಗೆ ಮೂರು ಪೆಡಲ್, ಎದುರಿಗೆ ದೊಡ್ಡ ಪರದೆ. ಅದರೊಳಗೆ ಎಲ್ಲ ಕಾಲದ ಫಾರ್ಮುಲಾ ಒನ್ ರೇಸು ಕಾರುಗಳೂ ಇದ್ದವು. ನಮ್ಮವರಿಗೆ ಬೇಕಾದದ್ದು ಅರವತ್ತರ ದಶಕದ್ದು ಮಾತ್ರ, ಕೊಳವೆಗೆ ನಾಲ್ಕು ಚಕ್ರ ಸಿಕ್ಕಿಸಿದಂಥದ್ದು.

ಬೈಯಲೆಂದೇ ಹೋದವಳು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಕಿಟಕಿ ಮುಚ್ಚಿದ ಕೋಣೆಗೆ ಪರದೆಯ ಮೇಲಿನ ರಸ್ತೆಯ ಬೆಳಕೊಂದೇ. ರಸ್ತೆ ಕಾಡಿನೊಳಗೆ ಇಳಿಯುತ್ತದೆ, ಹುಲ್ಲಿನ ಕಂತೆಗಳನ್ನು ದಾಟುತ್ತದೆ, ಯಾರದೋ ಮನೆಯ ಗೋಡೆಗೆ ಒರಸಿಕೊಂಡೇ ತಿರುಗುತ್ತದೆ. ಆಚೆ ಹೊತ್ತು ಮುಳುಗುತ್ತಲೇ ಇರುತ್ತದೆ, ಮುಳುಗಿ ಮುಗಿಯುವುದೇ ಇಲ್ಲ. ಇವರ ಎರಡು ತಿಂಗಳ ಗಡ್ಡದ ಮೇಲೆ ಮರಗಳ ನೆರಳು ಹರಿದು ಹೋಗುತ್ತಿತ್ತು. ನೋಡುತ್ತ ನೋಡುತ್ತ ನನಗೇ ಎಲ್ಲಿದ್ದೇನೆಂಬುದು ಮರೆಯುತ್ತಿತ್ತು.

ರೇಸಿನಲ್ಲಿ ಮಾತ್ರ ಇವರು ಯಾವಾಗಲೂ ಕಟ್ಟಕಡೆ.

"ಇವತ್ತೂ ಲಾಸ್ಟಾ?" ಎಂದೆ ಒಂದು ಮಧ್ಯಾಹ್ನ.

"ಹಳೇ ಕಾರು ಕಣೇ. ಸ್ಟಿಯರಿಂಗ್ ನಡುಗುತ್ತೆ."

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಅಂಗಡಿ ತೆಗೀರಿ ಅಂದ್ರೆ ಕತ್ತು, ಆಟ ಸೋತ್ರೆ ಸ್ಟಿಯರಿಂಗು."

ಅವರು ನಕ್ಕು, ಇನ್ನೊಂದು ರೇಸಿಗೆ ಮತ್ತೆ ಹಳೇ ಕಾರನ್ನೇ ಹಾಕಿದರು.

ಅವತ್ತು ಬೆಳಿಗ್ಗೆ, ನಮ್ಮಲ್ಲೇ ಗಡ್ಡ ಮಾಡಿಸುವ ರಿಟೈರ್ಡ್ ಮೇಷ್ಟ್ರು ಮತ್ತೆ ಬಂದು, "ಅಂಗಡಿ ತೆಗೀತಾರೇನಮ್ಮ, ಇಲ್ಲ ನಾನು ಸನ್ಯಾಸಿ ಆಗ್ಲೋ?" ಎಂದು ಕೇಳಿ ಹೋಗಿದ್ದರು. ಆ ಸಿಟ್ಟು ಇನ್ನೂ ಇತ್ತು. "ಏಳಿ, ನಾನೂ ನೋಡ್ತೀನಿ," ಎಂದು ಸೀಟಿನಲ್ಲಿ ಕೂತೆ.

ಹಿಡಿದ ಕೂಡಲೇ ಅಂಗೈ ಜುಮ್ಮೆಂದಿತು. ಹಳೇ ಕಾರು ಅಂತ ಆಟದ ಯಂತ್ರವೇ ಸ್ಟಿಯರಿಂಗನ್ನು ನಿಜಕ್ಕೂ ನಡುಗಿಸುತ್ತಿತ್ತು. ಹೊಸ ಕಾರು ಹಾಕಿಕೊಡಿ ಎಂದೆ, ಮನಸ್ಸಿಲ್ಲದೆ ಹಾಕಿದರು. ಅದು ನೇರ ರಸ್ತೆಯಲ್ಲಿ ಅಲುಗಾಡದೆ ಹೋಯಿತು.

"ಇದು ಎಷ್ಟು ಚೆನ್ನಾಗಿದೆ. ಬನ್ನಿ, ಇದ್ರಲ್ಲಿ ಗೆದ್ದು ತೋರ್ಸಿ."

ಬೇಡವೆಂದರು. ನಾನು ಬಿಡಬೇಕಲ್ಲ, ಎಳೆದು ಕೂರಿಸಿದೆ.

ಕಾರು ನೆಟ್ಟಗಿನ ರಸ್ತೆಯಲ್ಲಿ ಹಾವಿನ ಹಾಗೆ ಹರಿಯಿತು. ಪರದೆ ಬಿಟ್ಟು ಅವರ ಕೈ ನೋಡಿದೆ. ಮೂವತ್ತು ವರ್ಷ ಜನರ ಕುತ್ತಿಗೆಯ ಮೇಲೆ ಕತ್ತಿ ಆಡಿಸಿದ ಬಲಗೈ ತಾನಾಗಿ ನಡುಗುತ್ತಿತ್ತು. ಈಚೆಗೆ ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು, ಪೇಪರನ್ನು ಮೇಜಿನ ಮೇಲೆ ಹಾಸಿ ಓದುವುದು, ಎಲ್ಲ ಆಗ ಅರ್ಥವಾಯಿತು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಕಾರು ಹುಲ್ಲಿಗೆ ಹೋಗಿ ನಿಂತಿತು.

"ಹಳೇ ಕಾರಲ್ಲಿ ನಡುಗೋದು ಅದೋ ನಾನೋ, ಯಾರಿಗೂ ಗೊತ್ತಾಗಲ್ಲ," ಎಂದರು. "ನನಗೂ ಗೊತ್ತಾಗಲ್ಲ."

ಆ ಹಾಳು ಗಾದೆಯನ್ನು ವಾಪಸ್ಸು ನುಂಗುವಂತಿದ್ದರೆ ನುಂಗುತ್ತಿದ್ದೆ.

"ನನಗೆ ಹೇಳ್ಬಾರ್ದಿತ್ತೇನ್ರೀ?"

"ಹೇಳಿದ್ರೆ ಅಂಗಡಿ ಶಾಶ್ವತವಾಗಿ ಮುಚ್ಚಿದ ಹಾಗೇ ಅಲ್ವಾ?"

"ನಾಡಿದ್ದು ಡಾಕ್ಟ್ರ ಹತ್ರ ಹೋಗೋಣ," ಎಂದೆ. "ನಾಳೆ ಅಂಗಡಿ."

ಮರುದಿನ ಷಟರ್ ನಾನೇ ಎತ್ತಿದೆ. ಗಿರಾಕಿಯ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಬಿಳಿ ಬಟ್ಟೆ ಹೊದಿಸಿ, ಗಡ್ಡವನ್ನು ಕತ್ತರಿಯಲ್ಲಿ ಗಿಡ್ಡ ಮಾಡಿ ನೊರೆ ಹಚ್ಚಿದೆ. ಕತ್ತಿಯನ್ನು ಮುಷ್ಟಿ ಬಿಗಿದು ಹಿಡಿದೆ.

"ಬಿಗಿಯಾಗಿ ಹಿಡೀಬೇಡ," ಎಂದರು ಕಣ್ಣು ಮುಚ್ಚಿಕೊಂಡು. "ತಿರುವಿಗೆ ಮುಂಚೇನೇ ನಿಧಾನ ಮಾಡು. ಒಳಗೆ ಹೋದ್ಮೇಲೆ ಬ್ರೇಕ್ ಹಾಕಬಾರದು."

ಕೆನ್ನೆ ಮುಗಿದು ಗದ್ದದ ತಿರುವು ಬಂತು. ಉಸಿರು ಹಿಡಿದು ದಾಟಿದೆ. ಒಂದು ಕಡೆ ಚೂರು ರಕ್ತ ಬಂತು.

"ಹುಲ್ಲಿಗೆ ಹೋದೆ," ಎಂದು ನಕ್ಕರು.

ಅಷ್ಟರಲ್ಲಿ ಬಾಗಿಲಲ್ಲಿ ಮೇಷ್ಟ್ರು. "ಕತ್ತು ನೋವು ಹೋಯ್ತೇನಪ್ಪಾ?"

ನಮ್ಮವರು ಬಟ್ಟೆಯ ಅಡಿಯಿಂದ ಎರಡೂ ಕೈ ಹೊರತೆಗೆದು ಕುರ್ಚಿಯ ತೋಳುಗಳ ಮೇಲಿಟ್ಟರು. ಬಲಗೈ ನಡುಗುತ್ತಿತ್ತು. ಕನ್ನಡಿಯಲ್ಲಿ ಮೂವರೂ ಅದನ್ನು ನೋಡಿದೆವು.

"ಕತ್ತಲ್ಲ ಮೇಷ್ಟ್ರೇ, ಕೈ," ಎಂದರು. "ಇನ್ಮೇಲೆ ಶೇವಿಂಗ್ ಇವಳದು. ಪಕ್ಕದಲ್ಲಿ ನಾನಿರ್ತೀನಿ."

ಮೇಷ್ಟ್ರು ನಮ್ಮವರ ಗದ್ದದ ರಕ್ತ ನೋಡಿದರು, ತಮ್ಮ ಗಡ್ಡ ಸವರಿಕೊಂಡರು. ಆಮೇಲೆ ಛತ್ರಿಯನ್ನು ಮೂಲೆಗಿಟ್ಟು ಬೆಂಚಿನ ಮೇಲೆ ಕೂತರು.