ನಾನು ಎದ್ದೆ, ವೈಫೈ ಏಳಲಿಲ್ಲ

ನಾನು ಒಂದು ಲ್ಯಾಪ್‌ಟಾಪ್. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ನನ್ನ ಭಾಗಗಳನ್ನು ಜೋಡಿಸಿದರು. ಯಾರದೋ ಕೈ ನನ್ನೊಳಗೆ ವೈಫೈ ಕಾರ್ಡನ್ನು ಕೂರಿಸಿ ಸ್ಕ್ರೂ ಬಿಗಿಯಿತು. ಬೆರಳಗಲದ ಆ ಹಸಿರು ತುಂಡಿನ ಮೂಲಕವೇ ನನಗೆ ಹೊರಜಗತ್ತಿನ ನಂಟು.

ನನ್ನ ಮೊದಲ ಒಡೆಯ ಗದಗ-ಬೆಟಗೇರಿಯ ವಾದಿರಾಜ. ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ನನ್ನೊಂದಿಗೆ ಬಂದಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ. ನಾನು ಹಗುರಾದೆ, ಚುರುಕಾದೆ. ಆದರೆ ಅಂದಿನಿಂದ ಒಂದು ಕಾಯಿಲೆಯೂ ಅಂಟಿಕೊಂಡಿತು. ಮುಚ್ಚಳ ಮುಚ್ಚಿದರೆ ನಾನು ನಿದ್ದೆ ಹೋಗುತ್ತೇನೆ, ತೆರೆದರೆ ಏಳುತ್ತೇನೆ. ಪರದೆ ಬೆಳಗುತ್ತದೆ, ಕೀಲಿಗಳು ಕೆಲಸ ಮಾಡುತ್ತವೆ. ವೈಫೈ ಮಾತ್ರ ಏಳುವುದಿಲ್ಲ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಹಳೆಯ ಕೆಲಸದಲ್ಲೇ ಸಿಕ್ಕಿಕೊಂಡು, ಕರೆದರೂ ಓಗೊಡುತ್ತಿರಲಿಲ್ಲ.

ವಾದಿರಾಜ ಬಹಳ ಒದ್ದಾಡಿದ. ಕೊನೆಗೆ ಒಂದು ಉಪಾಯ ಕಂಡುಕೊಂಡ. ಡ್ರೈವರನ್ನು ಹೊರಗೆ ತೆಗೆದು ಮತ್ತೆ ಒಳಗೆ ಹಾಕುವ ಆಜ್ಞೆಯನ್ನು ಕೀಲಿಮಣೆಯ ಒಂದು ಗುಂಡಿಗೆ ಕಟ್ಟಿ, ಅದರ ಮೇಲೆ ಹುಂಜದ ಚಿತ್ರ ಅಂಟಿಸಿದ. ಹುಂಜವನ್ನು ಒತ್ತಿದರೆ ವೈಫೈ ಏಳುತ್ತಿತ್ತು. ಕೆಲವೊಮ್ಮೆ ಎರಡು ಸಲ ಒತ್ತಬೇಕಾಗುತ್ತಿತ್ತು.

ಹೊಸ ಲ್ಯಾಪ್‌ಟಾಪ್ ಬಂದಾಗ ಅವನು ನನ್ನನ್ನು ಅದೇ ಓಣಿಯ ಕಸ್ತೂರಿಗೆ ಕೊಟ್ಟ, ಹುಂಜ ಒತ್ತುವುದನ್ನೂ ತೋರಿಸಿಕೊಟ್ಟ. ಕಸ್ತೂರಿ ರವಿಕೆಗಳಿಗೆ ಕಸೂತಿ ಹಾಕುವವಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಗೆ ಹೋದದ್ದು ಹೆಸರು ಬರೆಯಲು ಕಲಿಯುವಷ್ಟೇ. ಅವಳ ಮಾತೆಲ್ಲ ಕೈಯಲ್ಲಿ. ಆ ಕೈಮಾತು ಪೂರ್ತಿಯಾಗಿ ಗೊತ್ತಿದ್ದದ್ದು ಸೊಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ಸುನಂದಾಗೆ ಮಾತ್ರ. ಇಬ್ಬರೂ ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಆಡುತ್ತಾ ಕಟ್ಟಿಕೊಂಡ ಭಾಷೆ ಅದು. ಮೊಬೈಲಿನ ಸಣ್ಣ ಪರದೆಯಲ್ಲಿ ಬೆರಳುಗಳು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಪರದೆಯಲ್ಲಿ ಕಾಣುತ್ತಿದ್ದವು. ದಿನಾ ಮಧ್ಯಾಹ್ನ ಅಕ್ಕತಂಗಿಯರು ನನ್ನ ಮುಂದೆ ಕೂತು ಸದ್ದಿಲ್ಲದೆ ಹರಟುತ್ತಿದ್ದರು, ಜಗಳವಾಡುತ್ತಿದ್ದರು.

ಕಸ್ತೂರಿಗೆ ದಿನ ತುಂಬಿತು. ಗಂಡ ಚಿದಾನಂದ ದೂರದ ಇಚಲಕರಂಜಿಯ ಮಗ್ಗದಲ್ಲಿ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಹೇಳದೆ ಕೇಳದೆ ನೋವು ಶುರುವಾಯಿತು. ಪಕ್ಕದ ಮನೆಯ ಹುಲಿಗೆವ್ವ ಆಟೋ ಕರೆದಳು. ಆ ಗಡಿಬಿಡಿಯಲ್ಲಿ ಕಸ್ತೂರಿಯ ಫೋನ್ ಮನೆಯಲ್ಲೇ ಉಳಿಯಿತು. ಆದರೆ ಕಸ್ತೂರಿ ನನ್ನನ್ನು ಎದೆಗವಚಿಕೊಂಡೇ ಆಟೋ ಹತ್ತಿದಳು.

ಆಸ್ಪತ್ರೆಯ ವೈಫೈಗೆ ನನ್ನನ್ನು ಸೇರಿಸಿದರು. ಸುನಂದಾ ಪರದೆಯ ಮೇಲೆ ಬಂದಳು. ಡಾಕ್ಟರ್ ಅರ್ಷಿಯಾ ಹೇಳಿದ್ದನ್ನು ಅವಳು ಕೈಮಾತಿಗೆ ತಿರುಗಿಸಿದಳು, ಕಸ್ತೂರಿ ಹೇಳಿದ್ದನ್ನು ಬಾಯಿಮಾತಿಗೆ. ಕೂಸಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಮಾಡಬೇಕು ಎಂದರು ಡಾಕ್ಟರ್. ಕಸ್ತೂರಿ ಒಪ್ಪಿ ತಲೆಯಾಡಿಸಿದಳು. ಮಂಚವನ್ನು ಥಿಯೇಟರಿನ ಪಕ್ಕದ ಕೋಣೆಗೆ ತಳ್ಳಿದರು. ಹೊರಡುವಾಗ ನಾನು ಬೀಳಬಾರದೆಂದು ಸಿಸ್ಟರ್ ಶಾಂತವ್ವ ನನ್ನ ಮುಚ್ಚಳ ಮುಚ್ಚಿ ಕಸ್ತೂರಿಯ ಕಾಲಬಳಿ ಇಟ್ಟರು. ನಾನು ನಿದ್ದೆ ಹೋದೆ.

ಮತ್ತೆ ತೆರೆದಾಗ ಎದ್ದೆ. ಪರದೆಯ ಮೇಲೆ ಸುನಂದಾಳ ಮುಖ ಇತ್ತು, ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು. ವೈಫೈ ಎದ್ದಿರಲಿಲ್ಲ.

ಶಾಂತವ್ವ ಔಷಧದ ಶೀಶೆ ತಂದು ಸಿರಿಂಜಿಗೆ ತುಂಬಿಕೊಂಡರು. ಆ ಶೀಶೆ ಕಂಡದ್ದೇ ಕಸ್ತೂರಿಯ ಕಣ್ಣುಗಳು ಭಯದಿಂದ ಅಗಲವಾದವು. ಕೈ ಹಿಂದಕ್ಕೆಳೆದುಕೊಂಡಳು. ಗಂಟಲು ಮುಟ್ಟಿ ತೋರಿಸಿದಳು, ಕೆನ್ನೆ ಉಬ್ಬಿಸಿದಳು.

"ಸೂಜಿಗೆ ಅಂಜತಾಳ್ರೀ ಮೇಡಮ್ಮಾರ," ಎಂದಳು ಹುಲಿಗೆವ್ವ.

"ತಡೀರಿ," ಎಂದರು ಡಾಕ್ಟರ್. "ತಂಗೀನ ಕೇಳೂಣು."

"ನೆಟ್ ಹೋಗೇತ್ರಿ. ಇದು ಮಾತಾಡವಲ್ದು," ಎಂದರು ಶಾಂತವ್ವ.

"ತಂಗಿ ನಂಬರ್ ಐತೇನು?"

"ನನ್ನ ಹತ್ರ ಇಲ್ರೀ. ಈಕಿ ಗಂಡಗ ಮಾಡಾಕತ್ತೀನಿ, ಎತ್ತವಲ್ಲ. ಮಗ್ಗದ ಸಪ್ಪಳದಾಗ ಅವಂಗ ಕೇಳಸೂದಿಲ್ಲ," ಎಂದಳು ಹುಲಿಗೆವ್ವ.

ಕೂಸಿನ ಎದೆಬಡಿತ ತೋರಿಸುವ ಯಂತ್ರದ ಸದ್ದು ನಿಧಾನವಾಗುತ್ತಿತ್ತು. ನನ್ನೊಳಗೆ ಸುನಂದಾಳ ನಂಬರ್ ಇತ್ತು, ಹೇಳಲು ನನಗೆ ಬಾಯಿಲ್ಲ. ಡಾಕ್ಟರ್ ಯಂತ್ರದ ಕಡೆ ನೋಡಿದರು, ಸಿರಿಂಜಿನ ಕಡೆ ನೋಡಿದರು.

ಕಸ್ತೂರಿ ನನ್ನತ್ತ ಕೈ ಚಾಚಿದಳು. ಬಲಗೈಗೆ ಸಲೈನ್ ಹಾಕಿದ್ದರಿಂದ ಎಡಗೈ ಚಾಚಿದ್ದಳು. ಶಾಂತವ್ವ ಆ ಕೈ ಹಿಡಿದು ಮೆಲ್ಲಗೆ ಕೆಳಗಿಟ್ಟರು. "ಸುಮ್ಮನ ಮಲಕೋ ನಮ್ಮವ್ವ." ಅವಳು ಮತ್ತೆ ಚಾಚಿದಳು.

"ಬಿಡ್ರಿ ಸಿಸ್ಟರ್. ಆಕಿ ಏನೋ ಮಾಡಾಕ ಹೊಂಟಾಳ. ಹತ್ರ ತರ್ರಿ ಅದನ್ನ," ಎಂದರು ಡಾಕ್ಟರ್.

ನನ್ನನ್ನು ಅವಳ ಪಕ್ಕಕ್ಕೆ ತಂದರು. ನೋವು ಬಂದು ಅವಳು ಹಲ್ಲು ಕಚ್ಚಿದಳು, ಅದು ಇಳಿದ ಮೇಲೆ ಹುಂಜವನ್ನು ಒತ್ತಿದಳು. ಡ್ರೈವರ್ ಹೊರಗೆ ಹೋಯಿತು, ಒಳಗೆ ಬಂತು, ಕಾರ್ಡನ್ನು ಕರೆಯಿತು. ಕಾರ್ಡ್ ಓಗೊಡಲಿಲ್ಲ.

"ಮೇಡಂ, ಹೊತ್ತು ಆಗಾಕತ್ತೇತಿ," ಎಂದರು ಶಾಂತವ್ವ.

ಕಸ್ತೂರಿ ತಲೆಯೆತ್ತಲಿಲ್ಲ. ಬೆವರಿದ ಬೆರಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಕಾರ್ಡ್ ಎದ್ದಿತು. ಆಸ್ಪತ್ರೆಯ ವೈಫೈ ಹುಡುಕಿತು, ಸಿಕ್ಕಿತು. ನಿಂತಿದ್ದ ಚಿತ್ರ ಹೋಗಿ ಜೀವಂತ ಸುನಂದಾ ಬಂದಳು, ಅಳುತ್ತಿದ್ದಳು.

ಕಸ್ತೂರಿ ಒಂದೇ ಕೈಯಲ್ಲಿ ಏನೋ ಹೇಳಿದಳು. ಸುನಂದಾ ಕಣ್ಣೊರೆಸಿಕೊಂಡು ನೋಡಿದಳು.

"ಮೇಡಂ, ಆ ಸೂಜಿ ಮಾಡಬ್ಯಾಡ್ರಿ. ಸಣ್ಣಾಕಿ ಇದ್ದಾಗ ಪೆನಿಸಿಲಿನ್ ಕೊಟ್ಟಿದ್ದಕ್ಕ ಮುಖ ಬಾತು, ಉಸಿರು ಕಟ್ಟಿತ್ತು. ಉಳಿದದ್ದ ದೊಡ್ಡದು. ಅವತ್ತೂ ಇಂಥಾದ ಶೀಶೆ ಇತ್ತು ಅನ್ನಾಕತ್ತಾಳ."

ಡಾಕ್ಟರ್ ಶೀಶೆಯನ್ನು ತಿರುಗಿಸಿ ಓದಿದರು. "ಇದೂ ಅದ ಜಾತೀದ್ದು. ತಗೀರಿ ಸಿಸ್ಟರ್. ಬ್ಯಾರೇದು ಕೊಡೂಣು." ಆಮೇಲೆ ಕಸ್ತೂರಿಯ ತಲೆಯ ಮೇಲೆ ಕೈಯಿಟ್ಟು ಸುನಂದಾಗೆ ಹೇಳಿದರು, "ನಾ ಒಳಗ ಇರ್ತೀನಿ ಅಂತ ಹೇಳವ್ವ ಆಕಿಗೆ."

ನನ್ನನ್ನು ಹೊರಗೆ ಹುಲಿಗೆವ್ವನ ತೊಡೆಯ ಮೇಲೆ ಕೂರಿಸಿದರು. "ಮುಚ್ಚಬ್ಯಾಡ ಚಿಗವ್ವಾ," ಎಂದಳು ಸುನಂದಾ. ಹುಲಿಗೆವ್ವ ನನ್ನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಬಾಗಿಲಾಚೆಯಿಂದ ಅಳು ಕೇಳಿತು. ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಉಳಿದರು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಬತ್ತಿದೆ, ಮುಚ್ಚಳದ ಒಂದು ಕೀಲು ಮುರಿದಿದೆ. ಹೊಲಿಗೆ ಯಂತ್ರದ ಕೆಳಗಿನ ಕಪಾಟಿನಲ್ಲಿ ಹಳೇ ಬಟ್ಟೆಗಳ ಜೊತೆ ಇದ್ದೇನೆ. ಸುನಂದಾಳ ಗಂಡನಿಗೆ ಗದಗಕ್ಕೇ ವರ್ಗವಾಗಿದೆ. ಮಧ್ಯಾಹ್ನ ಅಕ್ಕತಂಗಿಯರು ಹೊಸ್ತಿಲ ಮೇಲೆ ಎದುರುಬದುರು ಕೂರುತ್ತಾರೆ. ಮಗಳು ನಡುವೆ ನಿಂತು ಇಬ್ಬರ ಕೈಗಳನ್ನೂ ನೋಡುತ್ತಾಳೆ. ಮೊನ್ನೆ ಅವ್ವ ಅನ್ನುವುದನ್ನು ಬಾಯಿಂದ ಹೇಳುವ ಮೊದಲೇ ಕೈಯಿಂದ ಹೇಳಿದಳು. ಕಸ್ತೂರಿ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ನನ್ನನ್ನು ಯಾರೂ ತೆರೆಯುವುದಿಲ್ಲ. ಅವರು ಅಷ್ಟು ಹತ್ತಿರ ಕೂತಿರುವಾಗ ತೆರೆಯಬೇಕಾಗಿಯೂ ಇಲ್ಲ.